ಎಡಕ್ಕೆ ಒಂದು ಗೇಣು

ನನಗೆ ಕ್ರಿಕೆಟ್ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ, ಏಕೆಂದರೆ ಒಂದು ಕಾಲದಲ್ಲಿ ಜತ್ತ ತಾಲೂಕಿನಲ್ಲಿ ಯಾರು ಚೆಂಡು ಹಿಡಿದು ಹೊಟ್ಟೆ ಹೊರೆಯಬಲ್ಲರು, ಯಾರು ಹೊರೆಯಲಾರರು ಎಂದು ಬರೆದು ಕೆಳಗೆ ಸಹಿ ಹಾಕುವ ಅಧಿಕಾರ ನನ್ನ ಕೈಯಲ್ಲಿತ್ತು. ಆಟ ಬಾರದವನು ಆಟಗಾರನ ಹಣೆಬರಹ ಬರೆಯುವುದೇ ಎಂದು ನೀವು ಹುಬ್ಬೇರಿಸಬೇಡಿ. ನಾನು ಮಾಮಲೇದಾರ ಕಚೇರಿಯ ಕಾರಕೂನ, ಅಂದರೆ ಗುಮಾಸ್ತ. ಒಂದು ದಿನವೂ ಸನಿಕೆ ಹಿಡಿಯದೆ ಬಾವಿ ತೋಡುವವರ ಅರ್ಜಿಯ ಮೇಲೆ, ನೇಗಿಲು ಮುಟ್ಟದೆ ಹೊಲದ ಅರ್ಜಿಯ ಮೇಲೆ, ವರ್ಷಗಟ್ಟಲೆ ಶೇರಾ ಬರೆದವನು. ಶೇರಾ ಎಂದರೆ ಅರ್ಜಿಯ ಅಂಚಿನಲ್ಲಿ ಕಾರಕೂನ ಬರೆಯುವ ಎರಡು ಸಾಲಿನ ಅಭಿಪ್ರಾಯ. ಮನಸ್ಸಿಗೆ ಬಂದರೆ ‘ಹರಕತ್ತು ಇಲ್ಲ’, ಅಂದರೆ ಅಡ್ಡಿಯಿಲ್ಲ, ಬಾರದಿದ್ದರೆ ‘ಸಂಭವ ಕಾಣುವುದಿಲ್ಲ’. ಈ ಎರಡು ಮಾತುಗಳಿಂದ ತಾಲೂಕಿನ ಅರ್ಧ ಸಂಸಾರಗಳನ್ನು ಏಳಿಸಬಹುದಿತ್ತು, ಮಿಕ್ಕರ್ಧವನ್ನು ಕೂರಿಸಬಹುದಿತ್ತು. ಅರ್ಜಿದಾರನ ಮುಖ ನೋಡದೆಯೇ ಅವನ ಯೋಗ್ಯತೆ ತಿಳಿಯುವ ಶಕ್ತಿ ಈ ಕೆಲಸದಿಂದ ಬರುತ್ತದೆ. ಬರುತ್ತದೆ ಎಂದು ನಾನು ನಂಬಿದ್ದೆ.

ಕ್ರಿಕೆಟ್ ನಮ್ಮ ಊರಿಗೆ ಬಂದದ್ದು ಸಂಸ್ಥಾನದ ಕಾಲದಲ್ಲಿ, ಜನರ ಕೈಗೆ ಬಂದದ್ದು ಸಂಸ್ಥಾನ ಹೋದ ಮೇಲೆ. ವಿಲೀನದ ಗಡಿಬಿಡಿಯಲ್ಲಿ ಬೆಲೆಬಾಳುವ ಸಾಮಾನೆಲ್ಲ ಯಾರು ಯಾರಿಗೋ ಸೇರಿತು. ನಮ್ಮ ಕಚೇರಿಯ ದಾಸ್ತಾನು ಕೋಣೆಗೆ ಬಂದು ಬಿದ್ದದ್ದು ಒಂದು ಹರಿದ ನಾರಿನ ಚಾಪೆ, ಮೂರು ಬ್ಯಾಟು, ಐದು ಸ್ಟಂಪು ಮತ್ತು ಒಂದೇ ಕಾಲಿನ ಪ್ಯಾಡು. ಆರನೆಯ ಸ್ಟಂಪಿಗೆ ಒಂದು ಜಾಲಿಗೂಟ ಕೆತ್ತಿಸಿ, ನಮ್ಮೂರ ಪೋಸ್ಟಮಾಸ್ತರರು ತಮ್ಮನ್ನೇ ಕಪ್ತಾನರನ್ನಾಗಿ ನೇಮಿಸಿಕೊಂಡು ಕ್ಲಬ್ಬು ಶುರು ಮಾಡಿದರು. ಸುಗ್ಗಿ ಮುಗಿದು ಜೋಳದ ಹೊಲಗಳು ಬರಿದಾದ ಮೇಲೆ ನಮ್ಮ ಹಂಗಾಮು. ಆದಿತ್ಯವಾರಕ್ಕೊಮ್ಮೆ ಬಿಳೂರಿನವರ ಜೊತೆ, ಕರಜಗಿಯವರ ಜೊತೆ ಪಂದ್ಯ. ಬಿಳೂರಿನವರು ಮಹಾ ಜಾಣರು. ನಾವು ಅಲ್ಲಿಗೆ ಹೋದ ಕೂಡಲೇ ಕೈಕಾಲು ತೊಳೆಸಿ, ಬಾಳೆಲೆ ಹಾಕಿ, ತುಪ್ಪ ಸುರಿದು ಹೋಳಿಗೆ ಬಡಿಸಿ, ಬೇಡ ಬೇಡವೆಂದರೂ ಇನ್ನೆರಡು ಹಾಕಿ, ಆಮೇಲೆ ಆಟಕ್ಕೆ ಎಬ್ಬಿಸುತ್ತಿದ್ದರು. ತಾವು ಮಾತ್ರ ಆಟ ಮುಗಿದ ಮೇಲೆ ಉಣ್ಣುತ್ತಿದ್ದರು. ಮೂರು ವರ್ಷ ನಾವು ಬಿಳೂರಿನಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಒಂದು ಹೋಳಿಗೆಯನ್ನೂ ಬಿಡಲಿಲ್ಲ.

ನನ್ನನ್ನೂ ಮೊದಲು ಆಡಲು ನಿಲ್ಲಿಸಿದ್ದರು. ಒಂದೇ ದಿನ. ಆ ದಿನ ಒಂದು ಚೆಂಡು ನನ್ನನ್ನು ಹುಡುಕಿಕೊಂಡು ಬಂದು ಕನ್ನಡಕದ ಎಡಗಾಜನ್ನು ಒಡೆಯಿತು. ಸಾಂಗ್ಲಿಯಿಂದ ಹೊಸ ಗಾಜು ಬರುವವರೆಗೆ ಕಚೇರಿಯಲ್ಲಿ ಒಕ್ಕಣ್ಣಿನಿಂದ ಶೇರಾ ಬರೆದೆ. ಪೋಸ್ಟಮಾಸ್ತರರು ಮರುವಾರ, ‘ನಿಮ್ಮ ಅಕ್ಷರ ಭಾಳ ಚಲೋ ಅದಾವು, ನೀವು ಸ್ಕೋರ್ ಬರೀರಿ’ ಎಂದು ಹೇಳಿ ನನ್ನನ್ನು ಬೇವಿನ ಮರದ ನೆರಳಿಗೆ ಬಡ್ತಿ ಕೊಟ್ಟು ಕಳಿಸಿದರು. ಸ್ಕೋರ್ ಬರೆಯಲು ಪುಸ್ತಕ ಬೇಕಲ್ಲ, ಕಚೇರಿಯ ಒಂದು ಹಳೆಯ ರಜಿಸ್ಟರನ್ನೇ ತಂದೆ. ಈಗ ಅದರಲ್ಲಿ ಒಂದು ತೊಡಕಿತ್ತು. ಸರಕಾರದ ಯಾವ ರಜಿಸ್ಟರಿಗಾದರೂ ಕೊನೆಯಲ್ಲಿ ಶೇರಾ ಎಂಬ ಕಾಲಮು ಇದ್ದೇ ಇರುತ್ತದೆ, ಮತ್ತು ಆ ಕಾಲಮನ್ನು ಖಾಲಿ ಬಿಡಲು ಕಾರಕೂನನ ಕೈ ಒಪ್ಪುವುದಿಲ್ಲ. ಹಾಗಾಗಿ ಜಗತ್ತಿನಲ್ಲಿ ಬೇರೆ ಯಾವ ಸ್ಕೋರರನೂ ಬರೆಯದಷ್ಟು ನಾನು ಬರೆದೆ. ಯಾರು ಚೆಂಡು ತಡೆದರು, ಯಾವ ಕೈಯಿಂದ ತಡೆದರು, ತಡೆದ ಮೇಲೆ ಎಲ್ಲಿಗೆ ಎಸೆದರು, ಅದು ಎಲ್ಲಿಗೆ ಹೋಯಿತು, ಎಲ್ಲವೂ ಅಲ್ಲಿ ದಾಖಲು.

ಇನ್ನು ಮಾಳಪ್ಪನ ವಿಷಯಕ್ಕೆ ಬರುತ್ತೇನೆ. ಅವನು ಉಟಗಿಯ ಕಡೆಯ ಕುರುಬರ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಸುಗ್ಗಿಯ ನಂತರ ಅವರ ಹಿಂಡು ಜತ್ತದ ಬಯಲಿಗೆ ಬರುತ್ತಿತ್ತು. ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಒಂದು ಆದಿತ್ಯವಾರ ಕರಜಗಿಯವನೊಬ್ಬ ಬೀಸಿ ಹೊಡೆದ ಚೆಂಡು ನಮ್ಮ ನಾಲ್ವರ ಕಾಲುಗಳ ನಡುವೆ ಹಾದು ಕುರಿಗಳ ಕಡೆ ಹೊರಟಿತು. ಕಂಬಳಿ ಹೊದ್ದು ನಿಂತಿದ್ದ ಮಾಳಪ್ಪ ಬಗ್ಗಿ, ಕಂಬಳಿ ಜಾರದಂತೆ, ಒಂದೇ ಕೈಯಲ್ಲಿ ಅದನ್ನು ಎತ್ತಿಕೊಂಡು ಒಗೆದ. ಚೆಂಡು ಸುಂಯ್ಯೆಂದು ಬಂದು ಸ್ಟಂಪಿನ ಪಕ್ಕದಲ್ಲಿ ಹಾದುಹೋಯಿತು. ಸ್ವಲ್ಪದರಲ್ಲಿ ತಪ್ಪಿತಲ್ಲ ಎಂದು ಎಲ್ಲರೂ ಚುಕ್ ಚುಕ್ ಎಂದರು. ಮರುವಾರ ಪೋಸ್ಟಮಾಸ್ತರರು ಅವನ ಕಂಬಳಿ ತೆಗೆಸಿ ಪಾಯಿಂಟಿನಲ್ಲಿ, ಅಂದರೆ ಬ್ಯಾಟಿನಿಂದ ಹತ್ತು ಮಾರು ದೂರದಲ್ಲಿ, ಬರಿಗಾಲಲ್ಲಿ ನಿಲ್ಲಿಸಿದರು.

ಅಂದಿನಿಂದ ಆ ದಿಕ್ಕಿಗೆ ಚೆಂಡು ದಾಟಿದ್ದನ್ನು ನಾನು ಬರೆದಿಲ್ಲ. ಹೆಂಟೆಗೆ ಬಡಿದು ಎತ್ತ ತಿರುಗಲಿ, ಮಾಳಪ್ಪ ಅಲ್ಲಿರುತ್ತಿದ್ದ. ಹಿಂಡಿನಿಂದ ಯಾವ ಕುರಿ ಸಿಡಿಯುತ್ತದೆ ಎಂದು ಅದು ಸಿಡಿಯುವ ಮೊದಲೇ ತಿಳಿಯುವುದು ಅವನ ಹುಟ್ಟುಗುಣ. ಆದರೆ ಹಿಡಿದಮೇಲೆ ಒಗೆಯಬೇಕಲ್ಲ, ಅಲ್ಲಿ ಬಂದಿತು ಗ್ರಹಚಾರ. ಅವನ ಎಸೆತ ಸ್ಟಂಪಿಗೆ ಬಡಿಯುತ್ತಲೇ ಇರಲಿಲ್ಲ. ಪಕ್ಕದಲ್ಲಿ ಹೋಗುತ್ತಿತ್ತು. ವಿಕೆಟ್ಟಿನ ಹಿಂದೆ ನಿಂತ ಪೋಸ್ಟಮಾಸ್ತರರು ಅದನ್ನು ಹಿಡಿದರೆ ಮುಗಿಯುತ್ತಿತ್ತು, ಆದರೆ ಅವರು ಇನ್ನೂ ಅಂಚೆಚೀಟಿಗೆ ಮುದ್ರೆ ಒತ್ತಬೇಕಾದ ಕೈ ಎಂದು ಕೈಯನ್ನು ಜೋಪಾನ ಮಾಡಿಕೊಂಡು, ಮಾಳಪ್ಪನ ಚೆಂಡು ಬರುವುದನ್ನು ಕಂಡೊಡನೆ ಅದಕ್ಕೆ ದಾರಿ ಬಿಟ್ಟು ಸರಿಯುತ್ತಿದ್ದರು. ಎದುರಿನವರು ಇನ್ನೆರಡು ರನ್ ಓಡುತ್ತಿದ್ದರು. ಪೋಸ್ಟಮಾಸ್ತರರು ದೂರದಿಂದಲೇ, ‘ಏ ಮಾಳ್ಯಾ, ಕಣ್ಣಾಗ ಏನರ ಬಿದ್ದೈತೇನೋ’ ಎಂದು ಗದರಿಸುವರು. ಅವನು ತಲೆ ತಗ್ಗಿಸಿ ಅಂಗೈ ನೋಡಿಕೊಳ್ಳುವನು. ತನ್ನ ಕೈ ಹೀಗೇಕೆ ಮಾಡುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ನಾನು ಶೇರಾ ಕಾಲಮಿನಲ್ಲಿ ಬರೆಯುತ್ತಿದ್ದೆ: ಎಡಕ್ಕೆ ಒಂದು ಗೇಣು. ಮುಂದಿನ ಸಾಲಿನಲ್ಲೂ ಅದೇ. ಕೊನೆಕೊನೆಗೆ ಬರೆದು ಬೇಸತ್ತು ‘ಮೇಲಿನಂತೆ’ ಎಂದು ಹಾಕತೊಡಗಿದೆ.

ಇದೇ ತಂಡದಲ್ಲಿ ಇನ್ನೊಬ್ಬ ಆಟಗಾರನಿದ್ದ. ಅವನ ಹೆಸರು ಗುರುಲಿಂಗ, ಊರು ಬಿಳೂರು, ವಾಸ ನಮ್ಮ ಮನೆ. ನನ್ನ ಹೆಂಡತಿ ನೀಲಮ್ಮನ ತಮ್ಮ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಒಂದು ಚೀಲದೊಂದಿಗೆ ಬಂದವನು ಮೂರನೆಯ ವರ್ಷ ನಡೆಯುವಾಗಲೂ ಆ ನಾಲ್ಕು ದಿನವನ್ನು ಮುಗಿಸಿರಲಿಲ್ಲ. ಚೀಲದಲ್ಲಿ ಒಂದು ಬಿಳಿಯ ಪ್ಯಾಂಟು ಇತ್ತು. ಜತ್ತದಲ್ಲಿ ಕ್ರಿಕೆಟ್ಟಿಗೆಂದೇ ಹೊಲಿಸಿದ ಪ್ಯಾಂಟು ಅದೊಂದೇ, ಹಾಗಾಗಿ ಅದನ್ನು ತೊಟ್ಟವನು ಆಟಗಾರನೇ ಇರಬೇಕೆಂದು ಎಲ್ಲರೂ ತಿಳಿದರು. ಅವನನ್ನು ಕವರಿನಲ್ಲಿ, ಅಂದರೆ ಮಾಳಪ್ಪನಿಗಿಂತ ಸ್ವಲ್ಪ ಆಚೆಗೆ, ನಿಲ್ಲಿಸುತ್ತಿದ್ದರು. ಸೊಂಟದ ಮೇಲೆ ಕೈಯಿಟ್ಟು, ಒಂದು ಕಾಲು ಸ್ವಲ್ಪ ಮುಂದೆ ಚಾಚಿ, ಫೋಟೋ ತೆಗೆಯುವವನು ಬರುವುದು ಇನ್ನೇನು ತಡವಿಲ್ಲ ಎಂಬಂತೆ ನಿಲ್ಲುತ್ತಿದ್ದ. ಚೆಂಡು ಬಂದರೆ ಬಾಯಿತುಂಬ ‘ನಿಂದು, ನಿಂದು’ ಎಂದು ಪಕ್ಕದವನಿಗೆ ಬಿಟ್ಟುಕೊಡುವ ಔದಾರ್ಯ ಅವನಲ್ಲಿತ್ತು. ಅವನ ಪ್ಯಾಂಟನ್ನು ವಾರಕ್ಕೊಮ್ಮೆ ನೀಲಮ್ಮ ನೀಲಿ ಹಾಕಿ ಒಗೆಯುತ್ತಿದ್ದಳು. ಯಾಕೆ ಒಗೆಯಬೇಕು, ಅದಕ್ಕೆ ಮಣ್ಣೇ ತಾಗಿಲ್ಲವಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಆ ರಾತ್ರಿ ನನಗೆ ಸಾರಿಲ್ಲದ ಅನ್ನ ಸಿಕ್ಕಿತು.

ಹೀಗಿರುವಾಗ ಸೊಲ್ಲಾಪುರದ ಒಂದು ಬಟ್ಟೆಯ ಗಿರಣಿಯಿಂದ ಕ್ಲಬ್ಬಿಗೆ ಪತ್ರ ಬಂತು. ಆಗೆಲ್ಲ ಗಿರಣಿಗಳು ಆಡುವ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದವು. ಹೆಸರಿಗೆ ಬಟ್ಟೆಯ ಥಾನು ಮಡಚುವ ಖಾತೆಯಲ್ಲಿ ನೌಕರಿ, ನಿಜಕ್ಕೆ ಗಿರಣಿಯ ತಂಡಕ್ಕಾಗಿ ಆಟ, ಮೇಲೆ ಇರಲು ಒಂದು ಖೋಲಿ. ಅವರ ನೂಲು ಮಾರುವವನೊಬ್ಬ ನಮ್ಮ ಪಂದ್ಯವೊಂದನ್ನು ಬಸ್ಸು ಕೆಟ್ಟು ನಿಂತಾಗ ನೋಡಿ ಹೋಗಿ ಅಲ್ಲಿ ಹೇಳಿದ್ದನಂತೆ. ವಿಕೆಟ್ಟಿನ ಸಮೀಪ ನಿಂತು ತಡೆಯುವ ಒಬ್ಬನು ತಮಗೆ ಬೇಕಾಗಿದ್ದಾನೆ, ನಿಮ್ಮಲ್ಲಿ ಯೋಗ್ಯರಿದ್ದರೆ ಇಬ್ಬರ ಹೆಸರು ಬರೆದು, ಅವರ ಗುಣದೋಷ, ನಡತೆ, ಮುಂದೆ ಇದನ್ನೇ ನಂಬಿ ಬದುಕುವಷ್ಟು ಸತ್ವ ಇದೆಯೇ ಇಲ್ಲವೇ ಎಂಬ ಅಭಿಪ್ರಾಯ ಕಳಿಸಬೇಕು ಎಂದು ಗಿರಣಿಯ ಆಟದ ಸೆಕ್ರೆಟರಿಗಳು ಮರಾಠಿಯಲ್ಲಿ ಬರೆದಿದ್ದರು. ಪೋಸ್ಟಮಾಸ್ತರರು ಓದಿ, ಅಭಿಪ್ರಾಯವೆಂದರೆ ನಿಮ್ಮ ಖಾತೆ ಎಂದು ಪತ್ರವನ್ನು ನನ್ನ ಮೇಜಿಗೆ ತಂದಿಟ್ಟರು.

ಮನೆಗೆ ಬಂದು ಹೇಳಿದೆ. ಹೇಳಬಾರದಿತ್ತು. ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತಮ್ಮನ ಹೆಸರು ಬರೆಯದಿದ್ದರೆ ತಾನು ತವರಿಗೆ ಹೋಗುವುದಾಗಿ ಅವಳು ಹೆದರಿಸಲಿಲ್ಲ. ತಾನೂ ತಮ್ಮನೂ ಇಲ್ಲೇ ಇರುವುದಾಗಿ ಹೆದರಿಸಿದಳು. ಹೆದರಿಸುವ ಅಗತ್ಯವೇ ಇರಲಿಲ್ಲ. ಗುರುಲಿಂಗ ಸೊಲ್ಲಾಪುರದ ಖೋಲಿಯೊಂದರಲ್ಲಿ ಕಾಲು ಚಾಚಿ ಮಲಗಿರುವ ಚಿತ್ರ ಆಗಲೇ ನನ್ನ ಕಣ್ಣಮುಂದೆ ಬಂದು, ನನಗೆ ಎಂದೂ ಇಲ್ಲದ ಭಕ್ತಿ ಉಕ್ಕಿತ್ತು. ಮದುವೆಯಾಗಿ ಎಂಟು ವರ್ಷಗಳಲ್ಲಿ ನಾನೂ ಅವಳೂ ಒಂದು ವಿಷಯದಲ್ಲಿ ಪೂರ್ತಿ ಒಪ್ಪಿದ್ದು ಅದೇ ಮೊದಲು. ಅವಳದು ತಮ್ಮನ ಮೇಲಿನ ಪ್ರೀತಿ, ನನ್ನದು ನಮ್ಮ ಪಡಸಾಲೆಯ ಮೇಲಿನ ಪ್ರೀತಿ.

ಎರಡು ದಿನ ಬಿಟ್ಟು, ಪೋಸ್ಟಮಾಸ್ತರರಿಂದ ಸುದ್ದಿ ತಿಳಿದು, ಮಾಳಪ್ಪ ನಮ್ಮ ಮನೆಗೆ ಬಂದ. ಕೋಲನ್ನು ಹೊರಗೆ ಗೋಡೆಗೆ ಆನಿಸಿ ಕಟ್ಟೆಯ ತುದಿಯಲ್ಲಿ ಕುಳಿತ. ಒಳಗ ಬಾ, ಕುಂದ್ರು ಎಂದರೂ ಕೇಳಲಿಲ್ಲ. ಚಹಾ ಕೊಟ್ಟರೆ ಬಟ್ಟಲಿನ ಕಡೆ ನೋಡುತ್ತ ಹೇಳಿದ:

‘ಕಾರಕೂನರ, ಕರಜಗ್ಯಾಗ ನನಗೊಂದು ಹುಡಿಗಿ ನೋಡ್ಯಾರ್ರಿ. ಆಕಿ ಅಪ್ಪ ಅಂದಾನ, ಎಂಟು ತಿಂಗಳ ಅಡವ್ಯಾಗ ಮಲಗಾವ್ಗ ಮಗಳ್ನ ಕೊಡಾಂಗಿಲ್ಲ, ತಲಿ ಮ್ಯಾಲ ಒಂದು ಮಾಡು ತೋರಸು ಅಂತ. ಗಿರಣ್ಯಾಗ ಖೋಲಿ ಕೊಡ್ತಾರಂತಲ್ರಿ.’

ಹೂಂ ಎಂದೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ. ಅವನು ಚಹಾದ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. ಹೋಗುವಾಗ ಕೋಲು ತೆಗೆದುಕೊಂಡು, ಮೆಟ್ಟಿಲಿಳಿದು, ಮತ್ತೆ ಹೊರಳಿ ನಿಂತು, ‘ನಿಮಗ ಕಂಡದ್ದು ಕಂಡಂಗ ಬರೀರಿ. ಹೆಚ್ಚಿಗಿ ಏನೂ ಬರೀಬ್ಯಾಡ್ರಿ’ ಎಂದ.

ಈ ಮಾತು ನನಗೆ ಎಂಥ ಅನುಕೂಲ ಮಾಡಿಕೊಟ್ಟಿತೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಒಂದು ಸುಳ್ಳು ಬರೆಯಬೇಕಾಗಿ ಬಂದಿದ್ದರೆ ನಾನು ನಿಬ್ಬನ್ನು ಮಸಿಗೆ ಅದ್ದುತ್ತಿರಲಿಲ್ಲ. ಕಾರಕೂನ ಸುಳ್ಳು ಬರೆಯುವುದಿಲ್ಲ. ಯಾವ ನಿಜವನ್ನು ಬರೆಯಬೇಕೆಂದು ಆರಿಸುತ್ತಾನೆ, ಅಷ್ಟೆ. ಶನಿವಾರ ಮಧ್ಯಾಹ್ನ ಕುಳಿತು, ಒಳ್ಳೆಯ ನಿಬ್ಬು ಹಾಕಿ, ಗುರುಲಿಂಗನದನ್ನು ಮೊದಲು ಬರೆದೆ. ‘ನಿಲುವು ಸುಂದರ. ನಡತೆ ಸಭ್ಯ, ತನಗೆ ಬಂದ ಅವಕಾಶವನ್ನು ಜೊತೆಯ ಆಟಗಾರರಿಗೆ ಬಿಟ್ಟುಕೊಡುವ ಸ್ವಭಾವ. ಮೂರು ಹಂಗಾಮಿನಲ್ಲಿ ಕೈಗೆ ಬಂದ ಒಂದು ಕ್ಯಾಚನ್ನೂ ಬಿಟ್ಟಿಲ್ಲ. ಉಡುಪು ಸದಾ ಸ್ವಚ್ಛ, ಮೂರು ವರ್ಷದಲ್ಲಿ ಪ್ಯಾಂಟಿಗೆ ಮಣ್ಣು ತಾಗಿದ ಉದಾಹರಣೆಯಿಲ್ಲ. ಭವಿಷ್ಯ ಉಜ್ವಲ.’ ಇದರಲ್ಲಿ ಯಾವುದು ಸುಳ್ಳು ಹೇಳಿ. ಕ್ಯಾಚು ಕೈಗೆ ಬಂದಿದ್ದರೆ ತಾನೇ ಬಿಡುವುದು.

ಆಮೇಲೆ ಮಾಳಪ್ಪ. ಇಲ್ಲಿ ನಾನು ನ್ಯಾಯದೇವತೆಯಾದೆ. ‘ಚೆಂಡು ತಡೆಯುವ ವಿಷಯದಲ್ಲಿ ಹರಕತ್ತು ಇಲ್ಲ. ಎಸೆತದಲ್ಲಿ ಮುಖ್ಯ ದೋಷ. ಮೂರು ಹಂಗಾಮಿನಲ್ಲಿ ಒಮ್ಮೆಯೂ ಸ್ಟಂಪಿಗೆ ಬಡಿದಿಲ್ಲ. ಪ್ರತಿಸಲ ಎಡಕ್ಕೆ ಒಂದು ಗೇಣು ತಪ್ಪುತ್ತಾನೆ. ಹತ್ತಿರದಿಂದ ಎಸೆಯಲಿ, ದೂರದಿಂದ ಎಸೆಯಲಿ, ನಿಂತು, ಓಡುತ್ತ, ಬಿದ್ದಲ್ಲಿಂದಲೇ ಎಸೆಯಲಿ, ಅದೇ ಎಡ, ಅದೇ ಗೇಣು. ಎಷ್ಟು ಬೈದರೂ ಸುಧಾರಣೆ ಇಲ್ಲ. ಈತನು ಈ ಆಟದಿಂದ ಬದುಕುವ ಸಂಭವ ಕಾಣುವುದಿಲ್ಲ.’ ನನ್ನ ಮಾತಿಗೆ ಪುರಾವೆ ಇರಲಿ ಎಂದು ರಜಿಸ್ಟರಿನ ನಾಲ್ಕು ಹಾಳೆಗಳನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಜೊತೆಗಿಟ್ಟೆ. ‘ಮೇಲಿನಂತೆ’ ಎಂದಿದ್ದ ಕಡೆಯೆಲ್ಲ ‘ಎಡಕ್ಕೆ ಒಂದು ಗೇಣು’ ಎಂದು ಪೂರ್ತಿ ಬಿಡಿಸಿ ಬರೆದೆ. ಇಷ್ಟು ಶ್ರದ್ಧೆಯಿಂದ ನಾನು ಯಾರ ಒಳ್ಳೆಯದನ್ನೂ ಬರೆದಿಲ್ಲ. ಲಕೋಟೆಯನ್ನು ಪೋಸ್ಟಮಾಸ್ತರರ ಕೈಯಲ್ಲೇ ಕೊಟ್ಟೆ.

ಹದಿನೈದು ದಿನವಾಗಿರಬಹುದು. ಉಟಗಿಯಲ್ಲಿ ಎರಡು ಹೊಲಗಳ ನಡುವಿನ ಬದುವಿನ ತಂಟೆಗೆ ಪಂಚನಾಮೆ ಮಾಡಲು ಕಚೇರಿಯಿಂದ ನನ್ನನ್ನು ಕಳಿಸಿದರು. ಪಂಚರು ಬರುವುದು ತಡವಾಯಿತು. ಬಿಸಿಲಿಗೆ ಒಂದು ಜಾಲಿಮರದ ಕೆಳಗೆ ನಿಂತಿದ್ದೆ. ದೂರದಲ್ಲಿ ಮಾಳಪ್ಪ ಹಿಂಡು ಹೊಡೆದುಕೊಂಡು ದಾರಿಗುಂಟ ಬರುತ್ತಿದ್ದ. ನನ್ನನ್ನು ಕಂಡಿರಲಿಲ್ಲ. ಅವನ ತಾಯಿ ಲಗಮವ್ವ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ನನ್ನ ಹತ್ತಿರವೇ ಬಂದು ನೆರಳಿಗೆ ನಿಂತಳು. ಅಷ್ಟರಲ್ಲಿ ಒಂದು ಟಗರು ಹಿಂಡು ಬಿಟ್ಟು ಎಡಗಡೆಯ ಯಾರದೋ ತೊಗರಿ ಹೊಲಕ್ಕೆ ನುಗ್ಗಲು ಹವಣಿಸಿತು. ಮಾಳಪ್ಪ ಬಗ್ಗಿ ಒಂದು ಕಲ್ಲು ತೆಗೆದುಕೊಂಡು ಒಗೆದ. ಕಲ್ಲು ಟಗರಿನ ಎಡಗಿವಿಯ ಪಕ್ಕದಲ್ಲಿ ಬಿದ್ದಿತು.

‘ಮತ್ತ ತಪ್ಪಿಸಿದ ನೋಡವ್ವ ನಿನ್ನ ಮಗ’ ಎಂದೆ ನಾನು. ಬರೆದು ಕಳಿಸಿದ್ದಕ್ಕೆ ಇನ್ನೊಂದು ಪುರಾವೆ ಸಿಕ್ಕಿತೆಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸರಕಾರಿ ಮನುಷ್ಯನಿಗೆ ಇಷ್ಟೂ ತಿಳಿಯದೇ ಎಂಬ ಕನಿಕರ ಅವಳ ಮುಖದಲ್ಲಿತ್ತು.

‘ಕುರಿಗಿ ಬಡೀಲಾಕ ಯಾರರ ಒಗೀತಾರೇನ್ರಿ? ಬಡದ್ರ ಕಾಲು ಮುರೀತೈತಿ. ಎಡಕ್ಕ ಗೇಣು ಬಿಟ್ಟು ಒಗದ್ರ ಬಲಕ್ಕ ಹೊಳ್ಳತೈತಿ. ನಾಕು ವರ್ಷದಾಂವ ಇದ್ದಾಗ ಅವರಪ್ಪ ಕಲಿಸ್ಯಾನ. ಒಂದು ಸಲ ಬಡಿದಿದ್ದಕ್ಕ ಎರಡು ದಿನ ಅನ್ನ ಹಾಕಿರಲಿಲ್ಲ.’

ಟಗರು ಆಗಲೇ ಬಲಕ್ಕೆ ಹೊರಳಿ ಹಿಂಡು ಸೇರಿತ್ತು. ನಾನು ಆ ಕಲ್ಲು ಬಿದ್ದ ಜಾಗವನ್ನು ನೋಡುತ್ತ ನಿಂತೆ. ಮೂರು ಹಂಗಾಮಿನ ಶೇರಾ ಕಾಲಮೆಲ್ಲ ಕಣ್ಣಮುಂದೆ ಬಂತು. ಗೇಣಿಗೆ ಗೇಣು, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಇಂಥ ಗುರಿ ಇಡೀ ಮುಂಬಯಿ ರಾಜ್ಯದಲ್ಲಿ ಇನ್ನೊಬ್ಬನಿಗೆ ಇದ್ದೀತೇ? ಅವನು ಸ್ಟಂಪನ್ನು ಹೊಡೆಯುತ್ತಿರಲಿಲ್ಲ, ಹೊಳ್ಳಿಸುತ್ತಿದ್ದ. ಸ್ಟಂಪು ಹೊಳ್ಳದೆ ನಿಂತರೆ ಅವನೇನು ಮಾಡಬೇಕು? ಆ ದಿನದ ಪಂಚನಾಮೆಯಲ್ಲಿ ನಾನು ಬದುವನ್ನು ಯಾರ ಹೊಲಕ್ಕೆ ಸೇರಿಸಿದೆನೋ ನೆನಪಿಲ್ಲ. ಆಮೇಲೆ ಇಬ್ಬರೂ ಮೇಲರ್ಜಿ ಹಾಕಿದರು.

ಗಿರಣಿಗೆ ಇನ್ನೊಂದು ಪತ್ರ ಬರೆದು ನಿಜ ತಿಳಿಸಬೇಕೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ. ಬಸ್ಸಿನಲ್ಲಿ ನನ್ನ ನಿಶ್ಚಯ ಬಲವಾಗಿತ್ತು. ಮನೆಗೆ ಬಂದಾಗ ಗುರುಲಿಂಗ ಪಡಸಾಲೆಯಲ್ಲಿ ನನ್ನ ಚಾಪೆಯ ಮೇಲೆ ಮಲಗಿ, ನನ್ನ ತಲೆದಿಂಬಿನ ಮೇಲೆ ಕಾಲಿಟ್ಟುಕೊಂಡು, ಸೊಲ್ಲಾಪುರದಲ್ಲಿ ಹವೆ ಹೇಗೆ ಎಂದು ಕೇಳಿದ. ನಿಶ್ಚಯ ಸಡಿಲಾಯಿತು. ಆದರೂ ಬರೆದೆ. ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಒಮ್ಮೆ ಹಾಕಿದ ಶೇರಾವನ್ನು ತಾನೇ ತಿದ್ದಿದ ಕಾರಕೂನನನ್ನು ನಾನು ನೋಡಿರಲಿಲ್ಲ. ಹಾಗೆ ತಿದ್ದತೊಡಗಿದರೆ ಸರಕಾರ ನಡೆಯುವುದು ಹೇಗೆ. ನಾಳೆ ಹಾಕೋಣ, ನಾಡಿದ್ದು ಹಾಕೋಣ ಎನ್ನುತ್ತ ದಿನಾ ಪೋಸ್ಟ್ ಆಫೀಸಿನ ಮುಂದೆಯೇ ಹಾದುಹೋದೆ. ಕೊನೆಗೆ ನೀಲಮ್ಮ ಅಂಗಿಯನ್ನು ಒಗೆದಳು. ಒಣಗಿದ ಮೇಲೆ ಕಿಸೆಯಲ್ಲಿ ಒಂದು ಗಟ್ಟಿ ಉಂಡೆ ಸಿಕ್ಕಿತು. ಅದನ್ನು ಕಂಡು ನನಗೆ ದುಃಖವಾಗಲಿಲ್ಲ, ಹಗುರವೆನಿಸಿತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಈ ಪ್ರಬಂಧವನ್ನು ಬರೆಯಲು ಕುಳಿತದ್ದೇ ಇದಕ್ಕಾಗಿ.

ಗಿರಣಿಯಿಂದ ಉತ್ತರ ಬಂದ ದಿನ ಪೋಸ್ಟಮಾಸ್ತರರು ಅದನ್ನು ಹಿಡಿದುಕೊಂಡು ಬರಿಗಾಲಲ್ಲಿ ಕಚೇರಿಗೆ ಓಡಿಬಂದರು. ಪಂದ್ಯದಲ್ಲಿ ಅವರು ಅಷ್ಟು ಓಡಿದ್ದನ್ನು ನಾನು ದಾಖಲಿಸಿಲ್ಲ. ಸೆಕ್ರೆಟರಿಗಳು ಸ್ವತಃ ಹಳೆಯ ಆಟಗಾರರು, ಬರೆದದ್ದು ಅವರ ಕೈಯಿಂದಲೇ. ನಿಮ್ಮ ರಜಿಸ್ಟರಿನ ನಕಲನ್ನು ಮೂರು ಸಲ ಓದಿದೆ ಎಂದಿದ್ದರು. ಗುರಿ ಇಲ್ಲದವನು ಒಮ್ಮೆ ಎಡಕ್ಕೆ ಎಸೆಯುತ್ತಾನೆ, ಒಮ್ಮೆ ಬಲಕ್ಕೆ, ಒಮ್ಮೆ ಗೇಣು, ಒಮ್ಮೆ ಮಾರು. ಮೂರು ಹಂಗಾಮು ಒಂದೇ ಗೇಣು ತಪ್ಪುವವನು ತಪ್ಪುತ್ತಿಲ್ಲ, ಆ ಗೇಣಿಗೇ ಎಸೆಯುತ್ತಿದ್ದಾನೆ, ಏಕೆಂಬುದನ್ನು ನಾವು ಅವನನ್ನೇ ಕೇಳಿಕೊಳ್ಳುತ್ತೇವೆ, ತಕ್ಷಣ ಕಳಿಸಿ. ಇನ್ನೊಬ್ಬರ ವಿಷಯವಾಗಿ ಒಂದೇ ಸಾಲು: ಮೂರು ವರ್ಷ ಪ್ಯಾಂಟಿಗೆ ಮಣ್ಣು ತಾಗಿಸದವರಿಗೆ ನಮ್ಮಲ್ಲಿ ಕೆಲಸವಿಲ್ಲ. ಕೊನೆಯಲ್ಲಿ ನನಗೂ ಒಂದು ಮಾತಿತ್ತು. ಇಷ್ಟು ಸ್ಪಷ್ಟವಾಗಿ ನೋಡಿ ಇಷ್ಟು ತಪ್ಪಾಗಿ ತಿಳಿದುಕೊಂಡ ಮನುಷ್ಯನನ್ನು ತಾವು ಕಂಡಿಲ್ಲವೆಂದೂ, ದಯವಿಟ್ಟು ಬರೆಯುವುದನ್ನು ಬಿಡಬೇಡಿ, ಅಭಿಪ್ರಾಯ ಕೊಡುವುದನ್ನು ಬಿಡಿ ಎಂದೂ ಬರೆದಿದ್ದರು.

ಮಾಳಪ್ಪ ಒಂದು ಗಂಟಿನೊಂದಿಗೆ ಬಸ್ಸು ಹತ್ತಿದ. ಮನೆಯಲ್ಲಿ ಎಂಟು ದಿನ ನನಗೆ ಸಾರು ಸಿಗಲಿಲ್ಲ. ಗುರುಲಿಂಗ ಮಾತ್ರ ದೊಡ್ಡ ಮನಸ್ಸಿನಿಂದ, ‘ಹೋಗ್ಲಿ ಬಿಡ್ರಿ ಮಾಮಾ, ನನಗೂ ಈ ಮನಿ ಬಿಟ್ಟು ಹೋಗಾಕ ಮನಸ್ಸಿದ್ದಿಲ್ಲ’ ಎಂದು ನನ್ನನ್ನು ಸಂತೈಸಿದ.

ಮರುವರ್ಷ ಸುಗ್ಗಿಯ ಹೊತ್ತಿಗೆ ಮಾಳಪ್ಪ ಬಂದ. ಈ ಸಲ ಒಬ್ಬನೇ ಅಲ್ಲ, ಕರಜಗಿಯ ಹುಡುಗಿ ಜೊತೆಯಲ್ಲಿದ್ದಳು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ. ಅವನ ಕಾಲಲ್ಲಿ ಬೂಟು, ಕೈಯಲ್ಲಿ ಒಂದು ಕಟ್ಟು. ಈ ಸಲ ಒಳಗೆ ಬಂದು ಕುಳಿತ. ಸೆಕ್ರೆಟರಿಗಳು ಮೊದಲ ದಿನ ಅವನಿಂದ ಹತ್ತು ಸಲ ಎಸೆಯಿಸಿ, ಹತ್ತೂ ಎಡಕ್ಕೆ ಹೋದದ್ದನ್ನು ನೋಡಿ, ನೀನು ಊರಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದರಂತೆ. ಕುರಿ ಕಾಯುತ್ತಿದ್ದೆ ಎಂದಾಗ ನಕ್ಕು, ಸ್ಟಂಪಿನ ಬಲಕ್ಕೆ ಒಂದು ಗೇಣು ದೂರದಲ್ಲಿ ಒಂದು ಕುರಿ ನಿಂತಿದೆ ಅಂದುಕೋ, ಅದನ್ನು ಹೊಳ್ಳಿಸು ಎಂದರಂತೆ. ಒಗೆದ. ನಡುವಿನ ಸ್ಟಂಪು ಹಾರಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಇವನು ಓಡಿಹೋಗಿ, ಬಿದ್ದ ಸ್ಟಂಪನ್ನು ಎತ್ತಿ, ಎಲ್ಲಾದರೂ ಮುರಿದಿದೆಯೇ ಎಂದು ಕೈಯಾಡಿಸಿ ನೋಡಿದನಂತೆ. ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. ಹುಡುಗಿಯೂ ಸೆರಗಿನ ಮರೆಯಲ್ಲಿ ನಕ್ಕಳು. ನಾನು ನಗಲು ಹೋಗಿ ಕೆಮ್ಮಿದೆ.

ಆಮೇಲೆ ಅವನು ಕಟ್ಟನ್ನು ಬಿಚ್ಚಿ ಒಂದು ಹೊಸ ಕಂಬಳಿಯನ್ನು ನನ್ನ ಮುಂದಿಟ್ಟ. ಲಗಮವ್ವ ತಾನೇ ನೂತ ಉಣ್ಣೆಯದು, ಕರಿಯ ಅಂಚಿನದು. ನನಗ್ಯಾಕೋ ಇದು, ನಾನೇನು ಮಾಡಿದೆ ಎಂದೆ. ಅಷ್ಟು ನಿಜವನ್ನು ನಾನು ಅನೇಕ ವರ್ಷಗಳಿಂದ ಆಡಿರಲಿಲ್ಲ.

ಮಾಳಪ್ಪ ಕಂಬಳಿಯ ಮಡಿಕೆಯನ್ನು ನೀವುತ್ತ ಹೇಳಿದ: ‘ಗಿರಣಿ ಸಾಹೇಬ್ರು ನಿಮ್ಮ ಕಾಗದ ಪೂರಾ ಓದಿ ಹೇಳ್ಯಾರ್ರಿ. ನನಗ ಮದಲ ಕೆಟ್ಟನಿಸ್ತು. ಆಮ್ಯಾಲ ತಿಳೀತು. ನನಗ ಬಡೀಲಾರದಂಗ, ಮಗ್ಗಲಕ್ಕ ಗೇಣು ಬಿಟ್ಟು ಒಗದೀರಿ ನೀವು. ಹೊಳ್ಳಿ ದಾರಿಗಿ ಹತ್ತಿದ್ನಿ. ನಮ್ಮಪ್ಪನೂ ಹಿಂಗ ಒಗ್ಯಾಂಗಿಲ್ರಿ.’

ನಾನು ಬಾಯಿ ತೆರೆದ ನೆನಪಿದೆ. ಇಲ್ಲಪ್ಪಾ, ನಾನು ಬಡಿಯಬೇಕೆಂದೇ ಒಗೆದಿದ್ದೆ, ಕಾಲು ಮುರಿಯಲೆಂದೇ ಒಗೆದಿದ್ದೆ, ಗುರಿ ಇಲ್ಲದವನ ಕೈಯಿಂದ ಅದು ಪಕ್ಕಕ್ಕೆ ಹೋಯಿತು ಎಂದು ಹೇಳಬೇಕಾಗಿತ್ತು. ಆದರೆ ಅಡಿಗೆಮನೆಯ ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. ಹುಡುಗಿ ಎದ್ದು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ನಾನು ತೆರೆದ ಬಾಯಿಂದ ‘ಸುಖವಾಗಿರ್ರಿ’ ಎಂದೆ.

ಆ ಕಂಬಳಿ ಈಗಲೂ ನಮ್ಮ ಮನೆಯಲ್ಲಿದೆ. ಚಳಿಗಾಲದಲ್ಲಿ ಒಂದೆರಡು ದಿನ ಹೊದೆಯುತ್ತೇನೆ, ಮೈಯೆಲ್ಲ ಚುಚ್ಚುತ್ತದೆ. ಉಣ್ಣೆ ಚುಚ್ಚದೆ ಇರುತ್ತದೆಯೇ ಎನ್ನುತ್ತಾಳೆ ನೀಲಮ್ಮ. ಒಮ್ಮೆ ಪರೀಕ್ಷೆಗೆಂದು ಗುರುಲಿಂಗನಿಗೆ ಹೊದಿಸಿ ನೋಡಿದೆ. ಬೆಳಗಾಗುವವರೆಗೆ ಗೊರಕೆ ಹೊಡೆದು ಎದ್ದವನು, ಇಷ್ಟು ಮೆತ್ತನೆಯ ಕಂಬಳಿಯನ್ನು ತಾನು ಕಂಡೇ ಇಲ್ಲ ಎಂದ.